ಕರೆಂಟು ಮುಟ್ಟದ ಮನೆಗೆ ಯಾವ ಸೋಲಾರ್? ಮಲೆನಾಡಿನ ಧರ್ಮಕೇಂದ್ರಗಳಿಗೊಂದು ಹೋಲಿಕೆ

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸೂರ್ಯ ಘರ್‌ನಲ್ಲಿ 78 ಸಾವಿರ ಸಬ್ಸಿಡಿ ಉಂಟಂತಲ್ಲ, ಆ ಗುಡ್ಡದ ಮೇಲಿನ ಏಳು ಮನೆಗೆ ಅದನ್ನೇ ಮಾಡಿಸ್ಬಹುದಲ್ಲ ಮಾರಾಯ್ರೆ?"

ಆಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆ ಇರುವುದು ಈಗಾಗಲೇ ಲೈನು, ಮೀಟರು ಇರುವ ಮನೆಗಳಿಗೆ. ಚಾವಣಿಯ ಮೇಲೆ ಹುಟ್ಟಿ ಮಿಕ್ಕ ಕರೆಂಟು ಲೈನಿಗೆ ಹೋಗಬೇಕು, ಅದರ ಲೆಕ್ಕ ಮೀಟರಿನಲ್ಲಿ ಬರಬೇಕು. 3 ಕಿಲೋವಾಟ್ ಹಾಕಿಸಿದವರಿಗೆ 78,000 ರೂಪಾಯಿ ಸಿಗುವುದು ಆ ಲೆಕ್ಕದಲ್ಲೇ. ಗುಡ್ಡದ ಏಳು ಮನೆಗಳ ಕಷ್ಟವೇ ಲೈನು ಇಲ್ಲದ್ದು. ಪೇಟೆಯಲ್ಲಿ ತಾರಸಿ ಮನೆಗೆ ಹಾಕಿಸಿಕೊಂಡವರ ಅನುಭವವನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ನಾನು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಅದೇ ಕಾರಣಕ್ಕೆ ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿನ, ಅಭಿವೃದ್ಧಿ ಸಮಿತಿಗೆ ಎಳೆದು ಹಾಕಿದರು. ಕಳಸ, ಮೂಡಿಗೆರೆ, ಸಕಲೇಶಪುರದ ಕಡೆ ಒಂದಷ್ಟು ಮನೆಗಳಿಗೆ ಸೋಲಾರ್ ಹಾಕಿಸುವ ಕೆಲಸದಲ್ಲಿ ಕೈ ಹಾಕಿ, ಕೆಲವು ಕಡೆ ಕೈ ಸುಟ್ಟುಕೊಂಡು ಕಲಿತದ್ದನ್ನು ಬರೆಯುತ್ತಿದ್ದೇನೆ. ನಮ್ಮ ಹಾಗೆ ಸಮಿತಿಗಳಲ್ಲಿ ಕೂತು ಕೊಟೇಶನ್ ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುವವರಿಗೆ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೊಟೇಶನ್‌ನಲ್ಲಿ ಎಲ್ಲರೂ ಮೊದಲು ನೋಡುವುದು ಪ್ಯಾನೆಲ್ ಎಷ್ಟು ವಾಟ್ ಅಂತ. ನಾನು ಈಗ ಮೊದಲು ಕೇಳುವುದು ಎರಡೇ: ಮನೆ ಯಾರದ್ದು? ಮೂರನೇ ವರ್ಷದ ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ದೀಪ ಕೆಟ್ಟರೆ ಬರುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಆಗುತ್ತದೆ.

ಬಿಸಿಲು ಎಲ್ಲ ಕಡೆ ಒಂದೇ ಅಲ್ಲ

1963ರಲ್ಲಿ ಮೈಸೂರಿನಿಂದ ಬೇರೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ (ಬಿಷಪ್ಪರ ಆಡಳಿತದ ವ್ಯಾಪ್ತಿಗೆ) ಈಗ ಸೇರಿರುವುದು ಚಿಕ್ಕಮಗಳೂರು, ಹಾಸನ ಎರಡು ಜಿಲ್ಲೆ. ಒಂದೇ ಧರ್ಮಕ್ಷೇತ್ರವಾದರೂ ಕರೆಂಟಿನವರು ಬೇರೆ ಬೇರೆ: ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ, ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್‌ಗೆ. ಬಿಸಿಲೂ ಬೇರೆಯೇ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಸರಿಹೋದ ಸೆಟ್ಟನ್ನೇ ತಂದು ಕೊಟ್ಟಿಗೆಹಾರದ ಮಗ್ಗುಲಲ್ಲಿ ಹಾಕಿದರೆ ಆರಿದ್ರಾ ಮಳೆ ಹಿಡಿದ ವಾರದಲ್ಲೇ ಅದು ಕಣ್ಣು ಮುಚ್ಚುತ್ತದೆ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿವೆ, ಅಲ್ಲಿ ಲೈನು ಬಂದು ಎಷ್ಟೋ ಕಾಲವಾಯಿತು. ಇನ್ನೂ ಕತ್ತಲಲ್ಲಿ ಉಳಿದಿರುವುದು ಹೆಚ್ಚಾಗಿ ಘಟ್ಟದ ಅಂಚಿನ ಒಂಟಿ ಮನೆಗಳು, ಕಾಡಿನೊಳಗಿನ ಗಿರಿಜನ ಕಾಲೊನಿಗಳು, ತೋಟದ ಮೂಲೆಯ ಕೆಲವು ಲೈನ್ ಮನೆಗಳು (ಕಾರ್ಮಿಕರ ಸಾಲುಮನೆಗಳು). ಅಂದರೆ ಸೋಲಾರ್ ಬೇಕಾಗಿರುವುದು ಬಿಸಿಲು ಕಡಿಮೆ ಇರುವ ಜಾಗದಲ್ಲೇ. ಇಲ್ಲಿ ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರುವಾಗಬೇಕು.

ಕೈದೀಪ

ಸೋಲಾರ್ ಲ್ಯಾಂಟರ್ನ್‌ನ ಮೇಲೆ ಸಮಿತಿಗಳಿಗೆ ವಿಪರೀತ ಪ್ರೀತಿ. ಕಡಿಮೆ ದುಡ್ಡಿಗೆ ನೂರು ಮನೆಗೆ ಹಂಚಬಹುದು, ಫಾದರ್ ಜೊತೆ ಫೋಟೋ ಚೆನ್ನಾಗಿ ಬರುತ್ತದೆ. ನಾವೂ ಒಂದು ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಕೂಡಿದ ಕಾಣಿಕೆಯನ್ನೆಲ್ಲ ಇದಕ್ಕೇ ಸುರಿದೆವು. ಎರಡನೇ ಮಳೆಗಾಲಕ್ಕೆ ಅರ್ಧದಷ್ಟು ದೀಪ ಅಟ್ಟ ಸೇರಿದ್ದವು. ಒಳಗಿನ ಸಣ್ಣ ಬ್ಯಾಟರಿ ಬದಲಾಯಿಸಿದ್ದರೆ ಮತ್ತೆ ಉರಿಯುತ್ತಿದ್ದವು, ಆದರೆ ಆ ಅಳತೆಯ ಬ್ಯಾಟರಿ ನಮ್ಮ ಪೇಟೆಯಲ್ಲಿ ಸಿಗಲಿಲ್ಲ.

ಹಾಗಂತ ತೀರಾ ತಳ್ಳಿಹಾಕಲೂ ಆಗದು. ಲೈನ್ ಮನೆಯಲ್ಲಿ ಇರುವವರನ್ನು ನೆನೆಸಿಕೊಳ್ಳಿ. ಮನೆ ಸಾಹುಕಾರರದ್ದು. ಕಾಫಿ ಕೊಯ್ಲು ಮುಗಿದ ಮೇಲೆ ಆ ಕುಟುಂಬ ಇನ್ನೊಂದು ತೋಟಕ್ಕೆ ಹೋಗಬಹುದು. ಗೋಡೆಗೆ ಮೊಳೆ ಹೊಡೆದು, ಹೆಂಚಿನ ಮೇಲೆ ಪ್ಯಾನೆಲ್ ಕೂರಿಸಿದರೆ ಅದು ಆ ಕುಟುಂಬದ್ದೋ ತೋಟದ್ದೋ ಎಂಬ ಜಗಳ ಗ್ಯಾರಂಟಿ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಕಾಲದಿಂದಲೂ ಕಾಯ್ದೆಯಡಿ ಬರುವ ತೋಟಗಳಲ್ಲಿ ಕಾರ್ಮಿಕರ ವಸತಿ ಮಾಲೀಕರ ಹೊಣೆ. ಅಲ್ಲಿ ಚರ್ಚಿನ ದುಡ್ಡಿನಿಂದ ವೈರಿಂಗ್ ಮಾಡಿಸಿಕೊಟ್ಟರೆ ಮಾಲೀಕರು ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆ ಮಾಡಿಕೊಟ್ಟಂತೆ. ಅಂಥ ಮನೆಗೆ ಎತ್ತಿಕೊಂಡು ಹೋಗಬಹುದಾದ ದೀಪವೇ ಸರಿ: ಪ್ಯಾನೆಲ್ ಬೇರೆ ಇರುವ, ಮೊಬೈಲ್ ಚಾರ್ಜ್ ಆಗುವ, ಬ್ಯಾಟರಿ ಬಿಚ್ಚಿ ಹಾಕಲು ಬರುವ ಜಾತಿಯದ್ದು. ಇದರ ಜೊತೆಗೆ ಮಾಲೀಕರ ಹತ್ತಿರ ಲೈನಿನ ಮಾತೂ ನಡೆಯಲಿ. ಫಾದರ್ ಹೇಳಿದರೆ ಕೇಳುವ ಸಾಹುಕಾರರು ಇನ್ನೂ ಇದ್ದಾರೆ.

ಆನೆ ಓಡಾಡುವ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ಕಡೆಗಂತೂ ಮನೆಗೊಂದು ಒಳ್ಳೆ ಟಾರ್ಚು ಬೇಕೇ ಬೇಕು. ಬೆಳಗಿನ ಕತ್ತಲಲ್ಲಿ ಬಚ್ಚಲಿಗೋ ಕೊಟ್ಟಿಗೆಗೋ ಹೋಗುವ ಹೆಂಗಸಿಗೆ ಒಳಗಿನ ನಾಲ್ಕು ಬಲ್ಬಿಗಿಂತ ಅದು ದೊಡ್ಡದು.

ಮನೆಗೊಂದು ಸೆಟ್

ಸ್ವಂತ ಮನೆ, ಅಕ್ಕಪಕ್ಕದ ಮನೆ ದೂರ, ಲೈನು ಸದ್ಯಕ್ಕೆ ಬರುವ ಹಾಗಿಲ್ಲ: ಗುಡ್ಡದ ಏಳು ಮನೆಗಳ ಹಾಗೆ. ಇಲ್ಲಿಗೆ ನನ್ನ ಆಯ್ಕೆ ಇದೇ. ಒಂದು ಪ್ಯಾನೆಲ್, ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಒಂದು ಚಾರ್ಜ್ ಕಂಟ್ರೋಲರ್, ಒಂದು ಬ್ಯಾಟರಿ, ನಾಲ್ಕೈದು ಎಲ್‌ಇಡಿ, ಮೊಬೈಲಿಗೆ ಒಂದು ಪಿನ್ನು. ಎಷ್ಟು ದೊಡ್ಡದು ಎಂಬುದರಲ್ಲಿ ಮಾತ್ರ ಮೋಸ ಹೋಗಬಾರದು, ಅದಕ್ಕೆ ಲೆಕ್ಕ ಬಿಡಿಸಿ ಹೇಳುತ್ತೇನೆ.

5 ವಾಟಿನ ನಾಲ್ಕು ಬಲ್ಬು ದಿನಕ್ಕೆ 5 ಗಂಟೆ ಉರಿದರೆ 100 ವಾಟ್ ಅವರ್ (ಸಾವಿರ ವಾಟ್ ಅವರ್ ಅಂದರೆ ಒಂದು ಯೂನಿಟ್). ಎರಡು ಮೊಬೈಲಿಗೆ ಇನ್ನೊಂದು 20. ಒಟ್ಟು 120. ಬೇಸಿಗೆಯಲ್ಲಿ 100 ವಾಟಿನ ಪ್ಯಾನೆಲ್ ನಾಲ್ಕು ಗಂಟೆಯ ಒಳ್ಳೆ ಬಿಸಿಲಿಗೆ, ಅಲ್ಲಿ ಇಲ್ಲಿ ಸೋರಿದ್ದು ಕಳೆದು, 280 ಕೊಡುತ್ತದೆ. ಬೇಕಾದ್ದಕ್ಕಿಂತ ಎರಡು ಪಾಲಿಗೂ ಹೆಚ್ಚು. ಈ ಲೆಕ್ಕ ನೋಡಿಯೇ ಮಾರುವವರು "ಧಾರಾಳ ಆಯ್ತು ಸಾರ್" ಅನ್ನುವುದು. ಈಗ ಹೊಳ (ಬಿಡುವು) ಕೊಡದ ಪುಷ್ಯ ಮಳೆಗೆ ಬನ್ನಿ. ಇಡೀ ದಿನದ ಬೆಳಕು ಸೇರಿ ಒಂದು ಗಂಟೆಯ ಬಿಸಿಲಿಗೆ ಸಮ ಅಂದುಕೊಳ್ಳಿ. ಆಗ ಬರುವುದು 70. ದಿನಾ 50 ಕೊರತೆ, ಅದನ್ನು ಬ್ಯಾಟರಿ ತುಂಬಬೇಕು.

12 ವೋಲ್ಟ್ 100 ಆಂಪಿಯರ್ ಅವರ್ ಟ್ಯುಬುಲರ್ (ಸೀಸದ) ಬ್ಯಾಟರಿಯಲ್ಲಿ ಇರುವುದು 1,200 ವಾಟ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬಳಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ಕೈಗೆ ಸಿಗುವುದು 600. ದಿನಕ್ಕೆ 50ರಂತೆ 12 ದಿನ ತಡೆಯುತ್ತದೆ. ಅಷ್ಟರಲ್ಲಿ ಒಂದೆರಡು ದಿನವಾದರೂ ಮೋಡ ಹರಿಯುತ್ತದೆ. ಅದೇ ದುಡ್ಡು ಉಳಿಸಲು 40 ಆಂಪಿಯರ್ ಅವರ್ ಹಾಕಿದರೆ? ಕೈಗೆ ಸಿಗುವುದು 240, ಐದನೇ ದಿನಕ್ಕೆ ಖಾಲಿ. ದೊಡ್ಡದನ್ನೇ ಹಾಕಿ, ಮನೆಯವರು 30 ವಾಟಿನ ಟೀವಿಯನ್ನು ದಿನಾ ಎರಡು ಗಂಟೆ ಇಟ್ಟರೆ ಕೊರತೆ 110ಕ್ಕೆ ಏರುತ್ತದೆ, ಆರನೇ ದಿನ ದಾಟುವುದಿಲ್ಲ. ಹೀಗೆ ಪ್ರತಿ ಮಳೆಗಾಲ ನಾಲ್ಕಾರು ಸಲ ಪೂರ್ತಿ ಬರಿದಾದ ಬ್ಯಾಟರಿ ಮೂರನೇ ವರ್ಷ ಕಾಣುವುದು ಕಷ್ಟ. ಜನ ಪ್ಯಾನೆಲ್ಲನ್ನು ಬೈಯುತ್ತಾರೆ. ಪ್ಯಾನೆಲ್ 20 ವರ್ಷಕ್ಕೂ ಏನೂ ಆಗದೆ ಕೂತಿರುತ್ತದೆ.

ಆದ್ದರಿಂದ ಮಲೆನಾಡಿನಲ್ಲಿ ಬ್ಯಾಟರಿಯಲ್ಲಿ ಜಿಪುಣತನ ಬೇಡ. ಪ್ಯಾನೆಲ್ಲನ್ನೂ ಒಂದು ಕೈ ಹೆಚ್ಚೇ ಹಾಕಿ, 100ರ ಬದಲು 150 ವಾಟ್ ಹಾಕಿದರೆ ಆ 70 ಎಂಬುದು 105 ಆಗಿ ಕೊರತೆ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಈಗ ಪ್ಯಾನೆಲ್ ಬ್ಯಾಟರಿಗಿಂತ ಅಗ್ಗ. 2017ರ ಸೌಭಾಗ್ಯ ಯೋಜನೆಯಲ್ಲಿ ಲೈನು ಮುಟ್ಟದ ಮನೆಗೆ ಕೊಡಬೇಕೆಂದಿದ್ದ ಸೋಲಾರ್ ಪ್ಯಾಕ್ 200ರಿಂದ 300 ವಾಟ್: ಐದು ಎಲ್‌ಇಡಿ, ಒಂದು ಡಿಸಿ ಫ್ಯಾನು, ಒಂದು ಪಿನ್ನು, 5 ವರ್ಷದ ರಿಪೇರಿ ಹೊಣೆ. ಆ ಕೊನೆಯ ಸಾಲನ್ನು ನಿಮ್ಮ ಕೊಟೇಶನ್‌ಗೂ ಸೇರಿಸಿಸಿ. ಫ್ಯಾನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೇಳುವುದು ಮಿಕ್ಸಿ. 500 ವಾಟಿನ ಮಿಕ್ಸಿ ಐದು ನಿಮಿಷಕ್ಕೆ ತಿನ್ನುವುದು 40ರ ಆಸುಪಾಸು, ಅದೇನೂ ದೊಡ್ಡದಲ್ಲ. ಆದರೆ ಆ ಐದು ನಿಮಿಷ 12 ವೋಲ್ಟಿನ ಬ್ಯಾಟರಿಯಿಂದ 40 ಆಂಪಿಗೂ ಹೆಚ್ಚು ಎಳೆಯುತ್ತದೆ, ಇನ್ವರ್ಟರ್ ಬೇರೆ ಬೇಕು. ಸಣ್ಣ ಸೆಟ್ಟಿಗೆ ಇದು ತಡೆಯದು. ಇದನ್ನು ಮೊದಲೇ ಬಿಡಿಸಿ ಹೇಳಿ. ಹೇಳದಿದ್ದರೆ ಪೇಟೆಗೆ ಹೋದ ಮಗ ಒಂದು ಇನ್ವರ್ಟರ್ ತಂದು ಸಿಕ್ಕಿಸಿಯೇ ಸಿಕ್ಕಿಸುತ್ತಾನೆ.

ಸೀಸವೋ ಲಿಥಿಯಮ್ಮೋ? ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ನೀರು ಹಾಕುವ ಕೆಲಸವಿಲ್ಲ, ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬಹುದು, ಆಯಸ್ಸೂ ಹೆಚ್ಚು. ತಲೆಹೊರೆಯಲ್ಲಿ ಸಾಗಿಸಬೇಕಾದ ಮನೆಗೆ ಇದೊಂದೇ ಕಾರಣ ಸಾಕು. ಆದರೆ ಒಳಗಿನ ಸರ್ಕ್ಯೂಟ್ ಕೈಕೊಟ್ಟರೆ ನನ್ನಂಥವನಿಂದ ಏನೂ ಮಾಡಲಾಗದು, ಕಂಪನಿಗೇ ಕಳಿಸಬೇಕು. ಸೀಸದ್ದಕ್ಕೆ ಪೇಟೆಯ ಯಾವ ಬ್ಯಾಟರಿ ಅಂಗಡಿಯೂ ಆಗುತ್ತದೆ, ಹಳೆಯದಕ್ಕೆ ಗುಜರಿ ಬೆಲೆ ಸಿಗುತ್ತದೆ. ಡಿಸ್ಟಿಲ್ಡ್ ವಾಟರ್ ತಿಂಗಳಿಗೊಮ್ಮೆ ನೋಡುವವರು ಮನೆಯಲ್ಲಿದ್ದರೆ ನಾನು ಸೀಸವನ್ನೇ ಹೇಳುತ್ತೇನೆ. ನೋಡುವವರು ಸಾಮಾನ್ಯವಾಗಿ ಅಜ್ಜಿಯೋ ಹೈಸ್ಕೂಲಿನ ಹುಡುಗಿಯೋ, ಯಜಮಾನರಲ್ಲ. ಹೇಳಿಕೊಡುವಾಗ ಅವರನ್ನು ಕೂರಿಸಿಕೊಳ್ಳಿ.

ಪ್ಯಾನೆಲ್ ಎಲ್ಲಿ? ಹೆಂಚಿನ ಮೇಲೆ ಎಂದು ಕಣ್ಣು ಮುಚ್ಚಿ ಹೇಳಬೇಡಿ. ಮನೆ ಮೇಲೆ ಹಲಸಿನ ನೆರಳು, ಪಕ್ಕದಲ್ಲಿ ಸಿಲ್ವರ್ ಮರ, ಮೇಲಿಂದ ಅಡಿಕೆ ಸೋಗೆ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ. ಅಂಗಳದಲ್ಲಿ, ಅಡಿಕೆ ಹರಡುವ ಕಣದ ಬದಿಯಲ್ಲಿ ಕಂಬ ನೆಟ್ಟು ಕೂರಿಸುವುದೇ ಎಷ್ಟೋ ಕಡೆ ಸರಿ. ಆಗ ತಂತಿ ಉದ್ದವಾಗುತ್ತದೆ, ಕಂತ್ರಾಟಿನವರು ಉಳಿಸುವುದೂ ಅಲ್ಲೇ. 20 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಂತಿಯಲ್ಲಿ 5 ಆಂಪ್ ಹರಿದರೆ ಎರಡೂವರೆ ವೋಲ್ಟಿನಷ್ಟು ದಾರಿಯಲ್ಲೇ ಸೋರುತ್ತದೆ. ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. 4 ಚದರ ಮಿಲಿಮೀಟರ್ ಹಾಕಿದರೆ ಒಂದು ವೋಲ್ಟಿಗಿಂತ ಕಡಿಮೆ. ನಮ್ಮ ಒಂದು ಮನೆಯಲ್ಲಿ ಎರಡು ವರ್ಷ ಬ್ಯಾಟರಿಯನ್ನು ಬೈದುಕೊಂಡು ಕೊನೆಗೆ ತಂತಿ ಬದಲಿಸಿದ ದಿನವೇ ಎಲ್ಲ ಸರಿಹೋಯಿತು. ಮುಖ ದಕ್ಷಿಣಕ್ಕೆ, ಇಳಿಜಾರು 10ರಿಂದ 15 ಡಿಗ್ರಿ ಸಾಕು. ಪಾಚಿ ಕಟ್ಟುವ ಊರು ನಮ್ಮದು, ಮಳೆ ಬಿಟ್ಟ ಮೇಲೆ ಒಮ್ಮೆ ಒರೆಸಬೇಕು. ಕೈಗೆ ಸಿಗುವ ಎತ್ತರದ ಕಂಬ ಅದಕ್ಕೂ ಅನುಕೂಲ. ಮಂಗನಿಗೂ ಅನುಕೂಲ, ಅದಕ್ಕೇನೂ ಮಾಡುವಂತಿಲ್ಲ.

ಊರಿಗೆಲ್ಲ ಒಂದೇ ಘಟಕ

ಒಂದು ಕಡೆ ದೊಡ್ಡ ಪ್ಯಾನೆಲ್ ಸಾಲು, ಬ್ಯಾಟರಿ ಕೋಣೆ, ಅಲ್ಲಿಂದ ಮನೆಮನೆಗೆ ತಂತಿ, ಮನೆಗೊಂದು ಮೀಟರು. ಕೇಳಲು ಚೆಂದ, ದಾನಿಗಳಿಗೂ ಇಷ್ಟ. ಇಪ್ಪತ್ತು ಮನೆ ಒಂದೇ ಕೇರಿಯಲ್ಲಿದ್ದು, ಹಿಟ್ಟಿನ ಗಿರಣಿಯಂಥ ಹಗಲು ಕೆಲಸವೂ ಇದ್ದರೆ ಲೆಕ್ಕ ಕೂಡಬಹುದು. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಹಳ್ಳ, ಒಂದು ದಿಬ್ಬ. ತಂತಿ, ಕಂಬದ ಖರ್ಚೇ ಪ್ಯಾನೆಲ್ಲನ್ನು ಮೀರುತ್ತದೆ, ಅದರ ಮೇಲೆ ಮಳೆಗಾಲದಲ್ಲಿ ಮರ ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಜನರ ಮಧ್ಯೆ. ಒಂದು ಮನೆಯವರು ಮಿಕ್ಸಿ ಹಾಕಿದರೆ ಏಳು ಮನೆಗೂ ಕತ್ತಲೆ. ಒಬ್ಬರು ತಿಂಗಳ ದುಡ್ಡು ಕೊಡದಿದ್ದರೆ ಕಿತ್ತು ಹಾಕುವವರು ಯಾರು, ಕಾನ್ವೆಂಟಿನ ಸಿಸ್ಟರ್ರೇ? ಇದನ್ನು ನಡೆಸಲು ಸಂಬಳದ ಒಬ್ಬ ಆಪರೇಟರ್, ಬಿಗಿಯಾದ ಒಂದು ಸಂಘ ಎರಡೂ ಬೇಕು. ಎರಡೂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾಸ್ಟೆಲ್, ಆಸ್ಪತ್ರೆ, ಶಾಲೆ ಹೀಗೆ ಒಬ್ಬರೇ ಯಜಮಾನರಿರುವ ಆವರಣಕ್ಕೆ ಮಾತ್ರ ಇದು ಕಣ್ಣು ಮುಚ್ಚಿ ಸರಿ.

ಹಳ್ಳ ಇದ್ದರೆ ಅದನ್ನು ಮರೆಯಬೇಡಿ

ಸೋಲಾರ್ ಅಂತ ಹೊರಟವರಿಗೆ ಮನೆ ಹಿಂದೆ ಭೋರ್ಗರೆಯುವ ಹಳ್ಳ ಕಾಣುವುದಿಲ್ಲ. ಸೆಕೆಂಡಿಗೆ 5 ಲೀಟರ್ ನೀರು, 20 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಅರ್ಧ ನಷ್ಟ ಕಳೆದರೂ 500 ವಾಟಿನ ಹತ್ತಿರ. ಅದೂ ಹಗಲು ರಾತ್ರಿ, ದಿನಕ್ಕೆ 12 ಯೂನಿಟ್. ಮೇಲೆ ಲೆಕ್ಕ ಹಾಕಿದ ಸೋಲಾರ್ ಸೆಟ್ ಒಳ್ಳೆ ಬಿಸಿಲಿನಲ್ಲಿ ಕೊಡುವುದು ಕಾಲು ಯೂನಿಟ್ಟಿಗಿಂತ ಚೂರು ಹೆಚ್ಚು! ಇಲ್ಲಿ ಮಿಕ್ಸಿಯೂ ತಿರುಗುತ್ತದೆ. ಕಳಸ, ಕೊಪ್ಪ, ಶೃಂಗೇರಿಯ ಕಡೆ ಮನೆಮಟ್ಟದ ಟರ್ಬೈನ್ ಇಟ್ಟುಕೊಂಡವರನ್ನು ಹೋಗಿ ನೋಡಿ ಬನ್ನಿ. ಫೆಬ್ರವರಿ ಹೊತ್ತಿಗೆ ನೀರು ಸೊರಗುತ್ತದೆ, ಪೈಪಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ, ಕೆಳಗಿನ ಗದ್ದೆಯವರ ಒಪ್ಪಿಗೆ ಬೇಕು. ಆದರೆ ಹಳ್ಳ ಸೊರಗಿದಾಗ ಬಿಸಿಲು ಜೋರು, ಬಿಸಿಲು ಇಲ್ಲದಾಗ ಹಳ್ಳ ಜೋರು. ಜಾಗ ಇದ್ದಲ್ಲಿ ಸಣ್ಣ ಟರ್ಬೈನ್, ಸಣ್ಣ ಪ್ಯಾನೆಲ್ ಎರಡೂ ಸೇರಿಸುವುದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಲೈನನ್ನೇ ಎಳೆಸುವುದು

ಸೋಲಾರ್ ಕೊಟ್ಟುಬಿಟ್ಟರೆ ಆ ಮನೆಗೆ ಮುಂದೆ ಲೈನು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಜನರಿಗಿದೆ. ಅದರಲ್ಲಿ ತಪ್ಪಿಲ್ಲ. ಇನ್ನೊಂದು ಮಾತೂ ಇದೆ, ನನಗೆ ಉತ್ತರ ತೋಚದೆ ನಿಂತ ಮಾತು. 2023ರಿಂದ ಗೃಹಜ್ಯೋತಿಯಲ್ಲಿ ಲೈನು ಇರುವವರಿಗೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಬಿಲ್ಲಿಲ್ಲ. ಗುಡ್ಡದ ಮೇಲಿನ ಒಬ್ಬ ಅಕ್ಕ ಕೇಳಿದರು: "ಕೆಳಗಿನವ್ರಿಗೆ ಪುಕ್ಕಟೆ, ನಾವು ಮಾತ್ರ ಬ್ಯಾಟ್ರಿಗೆ ಅಂತ ತಿಂಗ್ಳು ತಿಂಗ್ಳು ದುಡ್ಡು ಕಟ್ಬೇಕಾ?"

ಹಾಗಾಗಿ ಕೊನೆಯ ಕಂಬ ಹತ್ತಿರವಿದ್ದರೆ ಸಮಿತಿಯ ಶಕ್ತಿಯೆಲ್ಲ ಲೈನಿಗೇ ಹೋಗಲಿ. ನಡುವೆ ಕಾಡು ಬಂದರೆ 'ಅರಣ್ಯದವರು ಬಿಡಲ್ಲ' ಅಂತ ಕೈಚೆಲ್ಲುವ ಮೊದಲು 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮನ್ನು ಓದಿ. ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಹಾಗೆ, ಸರ್ಕಾರ ಮಾಡುವ ಸೌಲಭ್ಯಗಳಿಗೆ ಕಾಡಿನ ಜಾಗ ಬಿಡಬಹುದು. ಆ ಪಟ್ಟಿಯಲ್ಲಿ ವಿದ್ಯುತ್ ಲೈನೂ ಇದೆ, ಅಸಾಂಪ್ರದಾಯಿಕ ಇಂಧನವೂ ಇದೆ. ಅರ್ಜಿ ಬರೆಯುವುದು, ಗ್ರಾಮಸಭೆಗೆ ಜನರನ್ನು ಕರೆತರುವುದು ನಮ್ಮ ಸಂಘಗಳಿಗೆ ಗೊತ್ತಿರುವ ಕೆಲಸ, ಪ್ಯಾನೆಲ್ ಹಂಚುವುದಕ್ಕಿಂತ ಅಗ್ಗ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಹುಲಿ ಮೀಸಲು ಇವುಗಳ ಒಳಗಿನ ಮನೆಗಳ ಮಾತು ಬೇರೆ, ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತದೆ. ಅಲ್ಲಿ ಸದ್ಯಕ್ಕೆ ಬಿಚ್ಚಿ ಸಾಗಿಸಬಹುದಾದ ಸೋಲಾರ್ ಸೆಟ್ಟೇ ದಾರಿ. ನಾಳೆ ಪುನರ್ವಸತಿಗೆ ಒಪ್ಪಿ ಇಳಿದು ಬಂದರೆ ಜೊತೆಯಲ್ಲೇ ತರಬಹುದು.

ದುಡ್ಡು ಎಲ್ಲಿಂದ, ಯಾರ ಹೆಸರಿಗೆ

ವಿದೇಶದ ದೇಣಿಗೆ ನಂಬಿದವರು ಒಂದು ತಿಳಿದಿರಲಿ. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ಬಂದ ಹಣವನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ಖರ್ಚು 20 ಶೇಕಡಾ ಮೀರುವಂತಿಲ್ಲ. ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆಗೆ ಬಂದದ್ದು ಧರ್ಮಕೇಂದ್ರದ ಸಮಿತಿಯ ಖಾತೆಗೆ ಬರುತ್ತದೆಂದು ಕಾಯಬೇಡಿ, ಅವರೇ ಖರ್ಚು ಮಾಡಬೇಕು. ನಮ್ಮ ಪಾಲಿಗೆ ಉಳಿಯುವುದು ಸ್ಥಳೀಯ ಕಾಣಿಕೆ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಯ) ಹಣ, ಬ್ಯಾಂಕ್ ಸಾಲ. ಸಾಲದ ದಾರಿ ನಮ್ಮ ರಾಜ್ಯಕ್ಕೆ ಹೊಸದಲ್ಲ. 1995ರಲ್ಲಿ ಹರೀಶ್ ಹಂದೆ ಶುರುಮಾಡಿದ ಸೆಲ್ಕೋ, ಬಡವರ ಮನೆಗೆ ಬ್ಯಾಂಕ್ ಸಾಲದಲ್ಲೇ ಸೋಲಾರ್ ಹಾಕಿಸಿ ತೋರಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಾಫಿ ಕೊಯ್ಲಿನ ಕಾಲಕ್ಕೆ ಕಂತು ಹೆಚ್ಚು, ಮಳೆಗಾಲಕ್ಕೆ ಕಡಿಮೆ ಎಂದು ಬ್ಯಾಂಕಿನವರನ್ನು ಒಪ್ಪಿಸಲು ಸ್ವಸಹಾಯ ಸಂಘದ ಹೆಂಗಸರೇ ಬೇಕು.

ಪೂರ್ತಿ ದಾನವಾಗಿ ಕೊಡುವುದಕ್ಕೆ ನಾನು ಈಗ ವಿರೋಧಿ. ನಾವು ಹಾಗೆ ಕೊಟ್ಟ ಒಂದು ಮನೆಗೆ ಮರುವರ್ಷ ಸಿಸ್ಟರ್ ಜೊತೆ ಹೋದಾಗ ಮನೆಯಾಕೆ ಕಾಫಿ ಕೊಟ್ಟು, "ದೀಪ ಹಾಕ್ಸಿಕೊಟ್ರಿ, ಕೆಟ್ರೆ ಯಾರಿಗೆ ಹೇಳೋದು ಅಂತ ಹೇಳ್ಲೇ ಇಲ್ವಲ್ಲ ಸಿಸ್ಟ್ರೇ" ಅಂದರು. ಮೇಲಿನ ಮೂಲೆಯಲ್ಲಿ ದಾನಿಗಳ ಹೆಸರಿನ ಸ್ಟಿಕ್ಕರ್ ಮಾತ್ರ ಹೊಸದರ ಹಾಗೇ ಇತ್ತು. ಈಗ ಸ್ಟಿಕ್ಕರಿನ ಜಾಗದಲ್ಲಿ ಎರಡು ಫೋನ್ ನಂಬರ್ ಇರುತ್ತದೆ, ಊರಿನದೇ ಇಬ್ಬರು ಐಟಿಐ ಹುಡುಗರದ್ದು. ಒಬ್ಬ ಕ್ರೈಸ್ತ, ಒಬ್ಬ ಅಲ್ಲ. ಗುಡ್ಡದ ಏಳು ಮನೆಗಳಲ್ಲಿ ನಮ್ಮ ಚರ್ಚಿಗೆ ಬರುವವು ಎರಡೇ. ಪಟ್ಟಿ ಮಾಡುವಾಗ ಈ ಲೆಕ್ಕ ಯಾರ ತಲೆಯಲ್ಲೂ ಇರದ ಹಾಗೆ ನೋಡಿಕೊಳ್ಳಬೇಕು, ಇದ್ದರೆ ಊರಿಗೆ ಗೊತ್ತಾಗುತ್ತದೆ.

ಬ್ಯಾಟರಿ ನಿಧಿಗೆ ಮನೆಗೆ ತಿಂಗಳಿಗೆ 150 ರೂಪಾಯಿ ಇಟ್ಟಿದ್ದೇವೆ, ಐದು ವರ್ಷಕ್ಕೆ 9,000 ಆಗುತ್ತದೆ. ಕೊರತೆ ಬಿದ್ದದ್ದನ್ನು ಸೆಪ್ಟೆಂಬರ್ 8ರ ತೆನೆ ಹಬ್ಬದ ದಿನ ತೋಟದ ಬೆಳೆ ಹರಾಜು ಹಾಕಿ ತುಂಬುತ್ತೇವೆ. ಹೋದ ಸಲ ಒಂದು ಬಾಳೆಗೊನೆ ಬ್ಯಾಟರಿಯ ಹೆಸರಲ್ಲಿ ಯೋಗ್ಯತೆಗೆ ಮೀರಿದ ಬೆಲೆಗೆ ಹೋಯಿತು. ಹಳೆ ಬ್ಯಾಟರಿಯ ಗುಜರಿ ದುಡ್ಡೂ ಅದೇ ಪೆಟ್ಟಿಗೆಗೆ. ಇದನ್ನು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ, ಇಲ್ಲವಾದರೆ ಸೈಕಲ್ ಮೇಲೆ ಬರುವ ಗುಜರಿಯವನಿಗೆ ಅದು ಮೊದಲೇ ಹೋಗಿರುತ್ತದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡುವುದು ಸರಿ. ಸೀಸ ಹಳ್ಳದ ಬದಿಯಲ್ಲಿ ಒಡೆದು ಬೀಳಬಾರದು. ತಯಾರಕರೇ ವಾಪಸ್ ಪಡೆಯಬೇಕೆಂದು 2022ರ ನಿಯಮವೂ ಹೇಳುತ್ತದೆ.

ಸರ್ವೆಗೆ ಹೋಗುವುದಾದರೆ ಫೆಬ್ರವರಿಯ ಬಿಸಿಲಲ್ಲಿ ಹೋಗಬೇಡಿ. ಜುಲೈ ನಡುವಿನಲ್ಲಿ, ಕೊಡೆ ಹಿಡಿದುಕೊಂಡು, ಜಿಗಣೆಗೆ ಸುಣ್ಣ ಹಚ್ಚಿಕೊಂಡು ಹೋಗಿ, ಸಂಜೆ ಏಳರವರೆಗೆ ಆ ಮನೆಯಲ್ಲಿ ಕೂತು ಬನ್ನಿ. ಎಲ್ಲಿ ದೀಪ ಬೇಕು ಅಂತ ಆಗ ಕೇಳಿ. ನಮ್ಮ ನಕ್ಷೆಯಲ್ಲಿ ಹಜಾರಕ್ಕೆ ಎರಡು ಬಲ್ಬಿದ್ದವು. ಅವರು ಒಂದನ್ನು ತೆಗೆಸಿ ಕೊಟ್ಟಿಗೆಗೆ ಹಾಕಿಸಿಕೊಂಡರು.